ಶೇಂಗಾ ಸುಲಿಯುತ್ತ ಕೂತ ನರ್ಸಬಾಯಿ

ಇವತ್ತು ಮಾಡಿದ ಕೆಲಸ ಇಷ್ಟು. ಬೆಳಿಗ್ಗೆ ಐದೂವರೆಗೆ ನಳ ಬಂತು. ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿಸಿಟ್ಟೆ. ಟೈಲ್ಸ್ ಕೂರಿಸುವ ಕೆಲಸಕ್ಕೆ ಹೋಗುವ ನಮ್ಮ ಮನೆಯವರಿಗೆ ಡಬ್ಬಿ ಕಟ್ಟಿದೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದೆ. ಭಾಂಡುಪ್‌ನ ಈ ಗುಡ್ಡದ ಚಾಳಿನಲ್ಲಿ ಯಾವ ಕೆಲಸಕ್ಕೂ ಮೊದಲು ನೂರಾ ಹನ್ನೆರಡು ಮೆಟ್ಟಿಲು ಇಳಿಯಬೇಕು, ಆಮೇಲೆ ಅಷ್ಟೇ ಏರಬೇಕು. ಹಿಟ್ಟು ತಂದು, ಸೊಪ್ಪು ಸೋಸಿ, ಒಂದು ಬಕೆಟ್ ಬಟ್ಟೆ ಹಿಂಡಿ ಹಾಕಿ, ಹನ್ನೊಂದಕ್ಕೆ ಮಗಳನ್ನು ಕರೆದುಕೊಂಡು ಮುನಿಸಿಪಾಲಿಟಿಯ ಹೆರಿಗೆ ಆಸ್ಪತ್ರೆಗೆ ಹೋದೆ. ಅವಳಿಗೆ ಒಂಬತ್ತು ತಿಂಗಳು ತುಂಬುತ್ತ ಬಂದಿದೆ. ಚೊಚ್ಚಲು. ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಾಳೆ. ಸಂಜೆ ವಡಾಲದಿಂದ ಬೀಗತಿ ಬರುವವರಿದ್ದರು. ಒಳ್ಳೆಯ ದಿನ ನೋಡಿ ನರ್ಸಿಂಗ್ ಹೋಮಿನಲ್ಲಿ ಹೊಟ್ಟೆ ಕೊಯ್ಸಿ ಕೂಸು ತೆಗೆಸಿಬಿಡೋಣ ಎನ್ನುವುದು ಅವರ ಹಟ. ನನಗೆ ಅದು ಬೇಡ. ಮಗಳು ಏನೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಪಾಳಿ ಕಾಯುತ್ತ ಕೂತಿದ್ದಾಗ ಒಳಗಿನ ಕೋಣೆಯಲ್ಲಿ ಆಯಾ ಒಬ್ಬಳು ಕುದಿಯುವ ಪಾತ್ರೆಯ ಮುಚ್ಚಳ ತೆಗೆದಳು. ಆ ಆವಿ ಹೊರಗೆ ಬಂತು… ಬಿಸಿ ಕಬ್ಬಿಣ, ತೊಯ್ದ ನೂಲು, ಸ್ಪಿರಿಟ್ ಹಚ್ಚಿದ ಹತ್ತಿ, ಎಲ್ಲ ಕೂಡಿದ ವಾಸನೆ. ಆ ಗಳಿಗೆ ನನಗೆ ಮುಂಬೈ ಕಾಣಲಿಲ್ಲ. ತವರಿನ ಒಲೆ ಕಂಡಿತು. ಒಲೆಯ ಮೇಲೆ ಅವ್ವ ಅನ್ನ ಮಾಡುತ್ತಿದ್ದ ಪಾತೇಲಿ, ಅದರೊಳಗೆ ಖಣಖಣ ಎನ್ನುತ್ತ ಕುಣಿಯುತ್ತಿದ್ದ ಒಂದು ಕತ್ತರಿ. ಒಲೆಯ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮೂರ ಸರ್ಕಾರಿ ನರ್ಸಬಾಯಿ.

ನಮ್ಮೂರು ವಿಜಯಪುರ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಸಾಲೆಯ ಹಿಂದೆ ಒಂದು ಕೋಣೆಯ ದವಾಖಾನೆ, ಅದಕ್ಕೆ ಸೇರಿದ ಮೂರು ಹಳ್ಳಿ, ಮೂರಕ್ಕೂ ಇವರೊಬ್ಬರೇ. ಗಿಡ್ಡ ದೇಹ, ದಪ್ಪ ಕನ್ನಡಕ, ಆ ದೇಹಕ್ಕೆ ಹೊಂದದಷ್ಟು ದೊಡ್ಡ ದನಿ. ಓಣಿಯ ತುದಿಯಲ್ಲಿ ಅವರು ಯಾರನ್ನೋ ಬೈಯುವುದು ಕೇಳಿದರೆ ಇತ್ತ ನಾವು ಚಹಾಕ್ಕೆ ನೀರಿಡುತ್ತಿದ್ದೆವು. ಯಾರ ಮನೆಗೆ ಹೋದರೂ ಮೊದಲು ಮೊಣಕೈವರೆಗೆ ಕೈ ತೊಳೆಯುವುದು, ಆಮೇಲೆ ಬಸುರಿಯನ್ನು ಕೂರಿಸಿಕೊಂಡು ನಿನ್ನೆಯಿಂದ ಏನೇನು ತಿಂದೆ ಎಂದು ಒಂದೊಂದೇ ಕೇಳುವುದು. ಸುಳ್ಳು ಹೇಳಿದರೆ ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ನೋಡಿ, "ರಕ್ತ ಇಲ್ಲ, ಬರೇ ಬಾಯಿ ಐತಿ" ಅನ್ನುತ್ತಿದ್ದರು.

ಹೆಂಗಸರಿಗೆಲ್ಲ ಅವರ ಮೇಲೆ ಪ್ರೀತಿ ಇತ್ತೆಂದು ಬರೆದರೆ ಅದು ಸುಳ್ಳಾಗುತ್ತದೆ. ಬಾವಿಯ ಹತ್ತಿರ ಅವರ ಮಾತು ಬಂದರೆ ದೂರುಗಳೇ ಮೊದಲು.

"ಬಂದ್ಲಂದ್ರ ಮೊದಲ ಕಿಟಕಿ ತಗೀತಾಳ. ಬಾಣಂತಿಗೆ ಗಾಳಿ ಬಡದ್ರ ಯಾರ್ ಹೊಣಿ?"

"ಮೊದಲನೇ ಹಾಲು ಚೆಲ್ಲಾಕ ಬಿಡಂಗಿಲ್ಲವ್ವಾ. ಬಂಗಾರ ಐತಿ ಅದು, ಕೂಸಿಗೆ ಕುಡಸು ಅಂತಾಳ."

"ಬಂಗಾರ ಇದ್ರ ತನ್ನ ಕಿವ್ಯಾಗ ಹಾಕ್ಕೊಳ್ಳಲಿ ಅನ್ನು!"

ಎಲ್ಲರೂ ನಗುತ್ತಿದ್ದರು. ನಮ್ಮ ಪಕ್ಕದ ಮನೆಯ ಕಾಕಿ ಒಬ್ಬಳು ಮಾತ್ರ ನಗದೆ, ಹಗ್ಗ ಸೇದುತ್ತಲೇ ಅಂದಿದ್ದಳು: "ಬೈತಾಳ, ಖರೆ. ಆದ್ರ ಬೈಕೋಂತನ ಬರ್ತಾಳಲ್ಲ. ಬರದವ್ರ ಕಡಿಂದ ಮೆತ್ತನ್ನ ಮಾತು ಕೇಳಿ ಏನ್ ಮಾಡೂದೈತಿ?" ಕಾಕಿಯ ಸೊಸೆಯ ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದ್ದನ್ನು ಕೈಯಿಂದ ಮುಟ್ಟಿಯೇ ಕಂಡುಹಿಡಿದು, ಟೆಂಪೋ ತರಿಸಿ, ತಾವೂ ಹಿಂದೆ ಕೂತು ದೊಡ್ಡ ದವಾಖಾನೆಗೆ ಒಯ್ದವರು ಅವರೇ. ಎಲ್ಲಿ ತನ್ನ ಕೈ ಸಾಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸಾಲುವುದಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ.

ಆದರೆ ಹೆಂಗಸರ ದೊಡ್ಡ ದೂರು ಬೇರೆಯೇ. ಹೆರಿಗೆ ಮಾಡಿಸಲು ಬಂದ ನರ್ಸಬಾಯಿ ಶೇಂಗಾ ಸುಲಿಯುತ್ತ ಕೂರುತ್ತಾಳೆ!

ಅದು ನಿಜ. ನಮ್ಮ ಕಡೆ ಬಿತ್ತನೆಯ ಶೇಂಗಾವನ್ನು ಕೈಯಿಂದ ಸುಲಿಯಬೇಕು, ಕಾಳಿನ ಮೇಲಿನ ಕೆಂಪು ಸಿಪ್ಪೆ ಹರಿಯಬಾರದು. ಎಲ್ಲರ ಮನೆಯಲ್ಲೂ ಚೀಲ ಇದ್ದೇ ಇರುತ್ತಿತ್ತು. ಹೆರಿಗೆಯ ಬ್ಯಾನಿ ಶುರುವಾದ ಮನೆಗೆ ಬಂದು, ಬಸುರಿಯನ್ನು ನೋಡಿ, ಇನ್ನೂ ಹೊತ್ತಿದೆ ಅನಿಸಿದರೆ ಅವರು ಒಂದು ಬುಟ್ಟಿ ಶೇಂಗಾ ಕೇಳುತ್ತಿದ್ದರು. ಬಾಗಿಲ ಬಳಿ ಗೋಡೆಗೆ ಒರಗಿ ಕೂತು ಟಕ್ ಟಕ್ ಎಂದು ಸುಲಿಯುವುದು. ಅರ್ಧ ತಾಸಿಗೊಮ್ಮೆ ಎದ್ದು, ಸಾಬೂನು ಹಚ್ಚಿ ಕೈ ತೊಳೆದು, ಒಳಗೆ ಬಂದು ಹೊಟ್ಟೆಯ ಮೇಲೆ ಅಲ್ಯುಮಿನಿಯಮ್ಮಿನ ತುತ್ತೂರಿಯಂಥದ್ದನ್ನು ಇಟ್ಟು, ಅದಕ್ಕೆ ಕಿವಿ ಹಚ್ಚಿ, ಕೈಗಡಿಯಾರ ನೋಡುತ್ತ ಕೂಸಿನ ಎದೆಬಡಿತ ಎಣಿಸುವುದು. ಮತ್ತೆ ಹೋಗಿ ಬುಟ್ಟಿಯ ಮುಂದೆ ಕೂರುವುದು. ಎಷ್ಟು ತಾಸು ಹಿಡಿಯಿತು ಎಂದು ನಮ್ಮೂರಲ್ಲಿ ಯಾರೂ ಹೇಳುತ್ತಿರಲಿಲ್ಲ. "ನಿನ್ನ ಮಗಾ ಅರ್ಧ ಸೇರಿನವ, ನನ್ನವ ಎರಡು ಸೇರಿನವ" ಎಂದೇ ಲೆಕ್ಕ. ತಡವಾಗಿ ಸಾಲೆಗೆ ಹೋಗುವ ಹುಡುಗನಿಗೆ, "ನೀ ಹುಟ್ಟೂಮುಂದನೂ ಚೀಲ ಖಾಲಿ ಮಾಡ್ಸೀದಿ" ಎಂದು ಅಜ್ಜಿಯಂದಿರು ಬೈಯುತ್ತಿದ್ದರು.

ಇಷ್ಟೆಲ್ಲ ಕಾಯುವುದು ಯಾಕೆ, ಸೂಜಿ ಡಾಕ್ಟರ್ ಇರುವಾಗ? ಹಾಗೆಂದೇ ಅವನನ್ನು ಕರೆಯುತ್ತಿದ್ದರು. ಎಲ್ಲಿ ಕಲಿತನೋ, ಏನು ಕಲಿತನೋ ಯಾರೂ ಕೇಳಲಿಲ್ಲ. ಮೋಟಾರ್‌ಸೈಕಲ್ ಮೇಲೆ ಬರುತ್ತಿದ್ದ, ಬ್ಯಾನಿ ಜೋರಾಗುವ ಸೂಜಿ ಚುಚ್ಚುತ್ತಿದ್ದ, ತಾಸಿನೊಳಗೆ ಕೂಸು ಹೊರಗೆ. ಅವನು ಕೆಲಸ ಮಾಡುವುದು ಕಣ್ಣಿಗೆ ಕಾಣುತ್ತಿತ್ತು. ನರ್ಸಬಾಯಿ ಮಾಡುವುದು ಕಾಣುತ್ತಿರಲಿಲ್ಲ.

ನನ್ನ ಅಕ್ಕನಿಗೆ ಅವನೇ ಸೂಜಿ ಹಾಕಿದ್ದು. ಆ ದಿನ ನರ್ಸಬಾಯಿ ಇನ್ನೊಂದು ಹಳ್ಳಿಯಲ್ಲಿದ್ದರು. ಕೂಸು ಬೇಗನೇ ಬಂತು. ನೀಲಿಯಾಗಿ ಬಂತು, ಅಳಲಿಲ್ಲ… ಮನೆಯಲ್ಲಿ ಎಲ್ಲರೂ ಹಣೆಬರಹ ಎಂದರು. ಮರುದಿನ ನರ್ಸಬಾಯಿ ಬಂದು ಅಕ್ಕನ ಪಕ್ಕ ಬಹಳ ಹೊತ್ತು ಕೂತಿದ್ದರು. ಅವತ್ತು ಬೈಗುಳ ಇರಲಿಲ್ಲ. ಏಳುವಾಗ ಮಾತ್ರ, "ಇದು ಹಣೆಬರಹ ಅಲ್ಲ, ತಂಗೀ" ಅಂದರು. ಅವ್ವ ಅವರಿಗೆ ಚಹಾ ಕೊಡುವುದನ್ನೂ ಮರೆತು ನಿಂತಿದ್ದಳು.

ಅದಾಗಿ ಎರಡು ವರ್ಷಕ್ಕೆ ನನ್ನ ಸರದಿ. ಮದುವೆಯಾಗಿ ಮುಂಬೈ ಸೇರಿದ್ದೆ. ಏಳು ತುಂಬುತ್ತಲೇ ತವರಿಗೆ ಬಂದೆ. ಬ್ಯಾನಿ ಬರುವ ವಾರದಲ್ಲಿ ನನ್ನ ಅತ್ತೆಯವರೂ ಮುಂಬೈಯಿಂದ ಬಂದಿಳಿದರು. ಮೊಮ್ಮಗನನ್ನು ನೋಡುವ ಆಸೆ. ಗಂಡೇ ಆಗುತ್ತದೆಂದು ಜುಬ್ಬಾ ಕೂಡ ತಂದಿದ್ದರು.

ಬೆಳಗಿನ ಜಾವ ಬ್ಯಾನಿ ಶುರುವಾಯಿತು. ಸೂರ್ಯ ಏರುವ ಹೊತ್ತಿಗೆ ನರ್ಸಬಾಯಿ ಬಂದು ಕತ್ತರಿ ಕುದಿಯಲಿಟ್ಟರು, ನನ್ನನ್ನು ನೋಡಿದರು, ಅಂಗಳದಲ್ಲಿ ತಿರುಗಾಡು ಎಂದರು, ಶೇಂಗಾ ಕೇಳಿದರು. ಅತ್ತೆ ಬಾಯಿಗೆ ಸೆರಗು ಹಚ್ಚಿಕೊಂಡರು. ಒಂದು ಸೇರು ಆಯಿತು. ನಾನು ಗೋಡೆ ಹಿಡಿದು ನಡೆದೆ, ಕೂತೆ, ಮತ್ತೆ ನಡೆದೆ. ಬಿಸಿಲು ನೆತ್ತಿಗೆ ಬಂತು. ಎರಡನೆಯ ಸೇರು ತುಂಬುವಾಗ ಅತ್ತೆಗೆ ತಡೆಯಲಾಗಲಿಲ್ಲ.

"ಏ ಬಾಯಿ, ಸರ್ಕಾರ ನಿನಗ ಪಗಾರ ಶೇಂಗಾ ಸುಲೀಲಿಕ್ಕೆ ಕೊಡ್ತೈತೇನು? ನಮ್ಮ ಮುಂಬೈದಾಗ ಇಷ್ಟೊತ್ತಿಗೆ ಇಂಜೆಕ್ಷನ್ ಹೊಡದು ಕೂಸು ತೊಟ್ಟಲ್ದಾಗ ಇರ್ತಿತ್ತು."

ನರ್ಸಬಾಯಿ ಕಾಳು ಬುಟ್ಟಿಗೆ ಹಾಕುತ್ತ, "ನಿಮ್ಮ ಮುಂಬೈದಾಗ ಹಣ್ಣೂ ಪುಡಿ ಹಾಕಿ ಮಾಗಸ್ತಾರಂತ" ಅಂದರು.

ಅತ್ತೆ ಎದ್ದುಹೋಗಿ ಯಾರನ್ನೋ ಕಳಿಸಿದರು. ಸ್ವಲ್ಪ ಹೊತ್ತಿಗೆ ಮೋಟಾರ್‌ಸೈಕಲ್ ಸದ್ದು. ಸೂಜಿ ಡಾಕ್ಟರ್ ಚೀಲ ಹಿಡಿದು ಅಂಗಳಕ್ಕೆ ಬಂದ. ನಾನು ಒಳಗೆ ಚಾಪೆಯ ಮೇಲೆ ಬ್ಯಾನಿ ತಿನ್ನುತ್ತಿದ್ದೆ. ನನಗೆ ಕಂಡದ್ದು ಹೊಸ್ತಿಲ ಮೇಲೆ ಎದ್ದು ನಿಂತ ಒಂದು ಗಿಡ್ಡ ಬೆನ್ನು. ಬಿಳಿ ಸೀರೆಯ ಮೇಲೆಲ್ಲ ಶೇಂಗಾ ಹೊಟ್ಟು. ಆ ಬೆನ್ನು ದಾಟಿ ಯಾರೂ ಒಳಗೆ ಬರುವ ಹಾಗಿರಲಿಲ್ಲ.

"ಕೂಸಿನ ಎದಿ ಛಲೋ ಬಡಿಯಾಕತ್ತೈತಿ. ತಾಯಿ ಛಲೋ ಅದಾಳ. ಸೂಜಿ ಬೇಕಾಗಿಲ್ಲ" ಅಂದರು.

"ಸೊಸಿ ನಮ್ಮಾಕಿ. ಹೇಳಾವರು ನಾವು" ಅಂದರು ಅತ್ತೆ.

"ಹಡಿಯಾಕಿ ಯಾರು? ಅಕೀನ ಕೇಳ್ರಿ."

ಹಾಗೆಂದು ಅವರು ನನ್ನ ಕಡೆ ತಿರುಗಿದರು. ಕನ್ನಡಕದ ಹಿಂದಿನ ಆ ಕಣ್ಣು… ಅಲ್ಲಿವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಸಾಲೆ ಬಿಡಿಸುವಾಗ ಕೇಳಲಿಲ್ಲ, ಮದುವೆ ಗೊತ್ತುಮಾಡುವಾಗ ಕೇಳಲಿಲ್ಲ. ಬ್ಯಾನಿಯ ನಡುವೆ, ಬೆವರಿನಲ್ಲಿ ತೊಯ್ದು ಬಿದ್ದವಳನ್ನು ಕೇಳುತ್ತಿದ್ದರು. "ಏನಂತೀ, ತಂಗೀ? ಕಾಯೂಣೋ, ಚುಚ್ಚಸ್ತೀಯೋ? ತಡಾ ಆಗಿ ಕೆಟ್ಟ ಕಂಡ್ರ ನಾನ ನಿನ್ನ ಟೆಂಪೋದಾಗ ಕೂಡಸ್ತೀನಿ. ಅದು ನನ್ನ ಮಾತು."

ಅಕ್ಕನ ಕೂಸಿನ ಬಣ್ಣ ನೆನಪಾಯಿತು. "ಬ್ಯಾಡ" ಅಂದೆ. ಸಣ್ಣ ದನಿಯಲ್ಲಿ ಅಂದದ್ದು ಸಾಲದೆನಿಸಿ ಇನ್ನೊಮ್ಮೆ ಕೂಗಿ ಅಂದೆ: "ಸೂಜಿ ಬ್ಯಾಡ!"

ಅಂಗಳದಲ್ಲಿದ್ದ ಎಲ್ಲರೂ ಅವ್ವನ ಮುಖ ನೋಡಿದರು. ಬೀಗತಿಯ ಎದುರು ಬಾಯಿ ತೆರೆದವಳಲ್ಲ ನನ್ನ ಅವ್ವ. ಆಗಲೂ ತೆರೆಯಲಿಲ್ಲ. ಒಳಗೆ ಹೋದಳು, ಇನ್ನೊಂದು ಬುಟ್ಟಿ ಶೇಂಗಾ ತಂದು ನರ್ಸಬಾಯಿಯ ಮುಂದೆ ಇಟ್ಟಳು. ಸೂಜಿ ಡಾಕ್ಟರ್ ಆ ಬುಟ್ಟಿಯನ್ನು ನೋಡಿ ಚೀಲ ಎತ್ತಿಕೊಂಡ.

ದನ ಮನೆಗೆ ಬರುವ ಹೊತ್ತಿಗೆ ನನ್ನ ಮಗಳು ಹುಟ್ಟಿದಳು. ಮೂರು ಸೇರಿನಾಕಿ. ಓಣಿಯ ತುದಿಗೆ ಕೇಳುವ ಹಾಗೆ ಅತ್ತಳು. ನರ್ಸಬಾಯಿ ಅವಳನ್ನು ಒರೆಸಿ ನೇರ ನನ್ನ ಎದೆಯ ಮೇಲೆ ಹಾಕಿ, ಬಾಯಿಗೆ ಹಾಲು ಸಿಗುವವರೆಗೆ ಅಲ್ಲಿಂದ ಕದಲಲಿಲ್ಲ. ಜುಬ್ಬಾ ಗಂಟಿನಲ್ಲೇ ಉಳಿಯಿತು.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಇಪ್ಪತ್ತು ದಿನ ಕಳೆದ ಮೇಲೆ ನರ್ಸಬಾಯಿಯನ್ನು ವರ್ಗ ಮಾಡಿಸಬೇಕೆಂದು ಒಂದು ಅರ್ಜಿ ಊರಲ್ಲಿ ತಿರುಗಿತು. ಬರೆಸಿದವನು ಯಾರೆಂದು ಹೇಳಬೇಕಾಗಿಲ್ಲ. ನಮ್ಮ ಮನೆಗೂ ಬಂತು. ನಮ್ಮನ್ನು ಜೊತೆಗೇ ಕರೆದೊಯ್ಯಬೇಕೆಂದು ಇನ್ನೂ ಅಲ್ಲೇ ಉಳಿದಿದ್ದ ಅತ್ತೆ ಹೆಬ್ಬೆಟ್ಟು ಒತ್ತಿ, ನೀನು ಸಹಿ ಮಾಡುವವಳು, ಮಾಡು ಎಂದು ಒಳಗೆ ಕಳಿಸಿದರು. ಏಳನೇ ಇಯತ್ತೆವರೆಗೆ ಓದಿದವಳು ನಾನು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಓದಿದೆ. ಸೂಜಿ ಹಾಕುವುದಿಲ್ಲ. ಮನೆಯ ಹಿರಿಯರಿಗೆ ಎದುರು ಮಾತಾಡುತ್ತಾರೆ. ಕೆಲಸದ ವೇಳೆಯಲ್ಲಿ ಶೇಂಗಾ ಸುಲಿಯುತ್ತಾರೆ. ಮೂರೂ ನಿಜವೇ. ಆ ಮೂರರಿಂದಲೇ ನನ್ನ ತೊಡೆಯ ಮೇಲೆ ಜೀವಂತ ಕೂಸಿತ್ತು. ನಾನು ಸಹಿ ಹಾಕಲಿಲ್ಲ. ಕಾಗದವನ್ನು ಹಾಗೆಯೇ ಮಡಿಸಿ ಹೊರಗೆ ಕೊಟ್ಟೆ. ಅತ್ತೆ ನನ್ನೊಂದಿಗೆ ಒಂದು ವಾರ ಮಾತಾಡಲಿಲ್ಲ. ಅದು ಅಂಥ ಕಷ್ಟವೇನೂ ಆಗಲಿಲ್ಲ.

ವರ್ಗ ಆಗೇ ಆಯಿತು. ಹೋಗುವ ಮೊದಲು ಅವರು ಕೂಸಿನ ತೂಕ ನೋಡಲು ಬಂದರು. ಬಟ್ಟೆಯ ಜೋಳಿಗೆಯಲ್ಲಿ ಕೂಸನ್ನು ತೂಗುಹಾಕಿ, ಮುಳ್ಳು ನೋಡಿ, "ಛಲೋ ತುಂಬ್ಯಾಳ" ಅಂದರು. ಆಮೇಲೆ, ಬೇಸರವಿಲ್ಲದ ದನಿಯಲ್ಲಿ, "ಅರ್ಜಿಯೊಳಗ ನಿಮ್ಮ ಮನಿದೂ ಹೆಬ್ಬೆಟ್ಟೈತಿ" ಅಂದರು. ಅತ್ತೆ ಎದುರಿಗೇ ಕೂತಿದ್ದರು. ನಂದಲ್ಲ ಬಾಯಾರ, ನಾ ಹಾಕಿಲ್ಲ… ಎಂದು ಹೇಳಬೇಕಿತ್ತು. ಸೂಜಿ ಬೇಡವೆಂದು ಕೂಗಿದ ಅದೇ ಬಾಯಿ. ಆಡಲಿಲ್ಲ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಹೋದರು.

ಇವತ್ತು ಆಸ್ಪತ್ರೆಯಿಂದ ಬಂದವಳೇ ತವರಿಗೆ ಫೋನ್ ಹಚ್ಚಿ, ನರ್ಸಬಾಯಿ ಈಗ ಎಲ್ಲಿದ್ದಾರೆ ಎಂದು ವೈನಿಯನ್ನು, ನಮ್ಮ ಅಣ್ಣನ ಹೆಂಡತಿಯನ್ನು, ಕೇಳಿದೆ. "ಅಯ್ಯ, ಅವ್ರು ಹ್ವಾದ ಬ್ಯಾಸಗ್ಯಾಗ ತೀರಕೊಂಡ್ರಲ್ಲ. ಯಾರ್ ಹೇಳಿಲ್ಲ ನಿಮಗ?" ಅಂದಳು. ಯಾರು ಹೇಳಬೇಕು? ನಾನು ಇಷ್ಟು ವರ್ಷ ಕೇಳಿರಲಿಲ್ಲ. ಈಗ ಊರಲ್ಲಿ ದವಾಖಾನೆಗೆ ಹೊಸ ಕಟ್ಟಡ ಬಂದಿದೆಯಂತೆ, ಫೋನ್ ಮಾಡಿದರೆ ಗಾಡಿ ಬರುತ್ತದಂತೆ. ಬರಲಿ, ಒಳ್ಳೆಯದೇ. ಆದರೆ ಆ ಕಾಗದದ ಮೇಲೆ ನನ್ನ ಹೆಸರಿರಲಿಲ್ಲ ಎಂದು ಅವರಿಗೆ ಇನ್ನು ಯಾವತ್ತೂ ತಿಳಿಯುವುದಿಲ್ಲ.

ಸರ್ಕಾರಿ ಎಂದರೆ ಮೂಗು ಮುರಿಯುವುದು ನಮ್ಮ ಮುಂಬೈ ಮಂದಿಯ ರೂಢಿ. ಮುರಿಯಲಿ. ನಾನು ಸರ್ಕಾರಿ ಕೈಯಲ್ಲಿ ಹಡೆದವಳು, ಸರ್ಕಾರಿ ಕೈಯೇ ಹೊಸ್ತಿಲಲ್ಲಿ ನಿಂತು ನನ್ನನ್ನು ಕಾದದ್ದು. ಇದನ್ನು ಯಾವ ಅಂಗಳದಲ್ಲಿ ನಿಂತು ಬೇಕಾದರೂ ಹೇಳುತ್ತೇನೆ.

ಸಂಜೆ ಬೀಗತಿ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. ಕೂರುವ ಮೊದಲೇ ಪರ್ಸಿನಿಂದ ಚೀಟಿ ತೆಗೆದರು. "ಪಂಡಿತ್‌ಜಿ ಕಡಿಂದ ಮುಹೂರ್ತ ನಿಕಾಲಿಸೀನಿ. ಬರೂ ಶುಕ್ರವಾರ, ಹತ್ತೂ ಇಪ್ಪತ್ತಕ್ಕ. ನರ್ಸಿಂಗ್ ಹೋಮ್‌ನವ್ರು ಓಕೆ ಅಂದಾರ. ಕಾಯೂದಿಲ್ಲ, ಟೆನ್ಶನ್ನಿಲ್ಲ."

"ಡಾಕ್ಟರು ಇವತ್ತ ನೋಡ್ಯಾರ್ರೀ. ಎಲ್ಲಾ ಸರಿ ಐತಿ, ತಾನಾ ಆಗ್ತದ ಅಂದಾರ" ಅಂದೆ.

"ಮುನಿಸಿಪಾಲ್ಟಿ ಡಾಕ್ಟರು! ಅವರಿಗೇನು, ಬಿಟ್ಟು ಕೂಡ್ತಾರ."

"ಹೆಚ್ಚುಕಮ್ಮಿ ಆದ್ರ ಕೊಯ್ಯಲ್ರೀ, ನಾ ಬ್ಯಾಡನ್ನೂದಿಲ್ಲ. ಪಂಚಾಂಗ ನೋಡಿ ಕೊಯ್ಯೂದು ಬ್ಯಾಡ."

"ನಿಮಗ ರೊಕ್ಕದ ಚಿಂತಿ ಇದ್ರ ನಾವ್ ಕೊಡ್ತೀವಿ" ಅಂದರು. ಮಾತು ನೆಟ್ಟಗೆ ಎದೆಗೆ ಬಂತು. ಬೇರೆ ದಿನವಾಗಿದ್ದರೆ ಎದ್ದು ಒಳಗೆ ಹೋಗುತ್ತಿದ್ದೆ. ಇವತ್ತು ಹೋಗಲಿಲ್ಲ. "ರೊಕ್ಕದ ಮಾತು ಬಿಡ್ರಿ. ನನ್ನೂ ಬಿಡ್ರಿ, ನಿಮ್ಮನ್ನೂ ಬಿಡ್ರಿ. ಹೊಟ್ಟಿ ಅಕೀದು" ಎಂದು ಮಗಳ ಕಡೆ ಕೈ ಮಾಡಿದೆ.

ಮಗಳು ಮೊಬೈಲು ಕೆಳಗಿಟ್ಟಳು. ಕನ್ನಡ ಅವಳಿಗೆ ತಡವರಿಸಿ ಬರುತ್ತದೆ. "ಅತ್ತಿ, ನಂಗ… ನಂಗ ವೇಟ್ ಮಾಡೂದದ. ಸಬ್ ಠೀಕ್ ಇದ್ರ ಕೊಯ್ಯೂದು ಯಾಕ? ಹೆದರ್ಕಿ ಅದ, ಸಚ್ಚಿ. ಆದ್ರ ಶುಕ್ರವಾರ ನಾ ಬರಲ್ಲ."

ಬೀಗತಿ ಚೀಟಿಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಯಾರ ಮುಖವನ್ನೂ ನೋಡದೆ ಅಂದರು: "ನಾ ಎರಡು ದಿನಾ ಒದ್ದಾಡೀನ್ರೀ, ನಿಮ್ಮ ಅಳಿಯಾನ ಹಡಿಯೂಮುಂದ. ನಮ್ಮೂರಾಗ ನರ್ಸಬಾಯಿ ಪೋಸ್ಟೇ ಖಾಲಿ ಇತ್ತು. ಹಂತ್ಯಾಕ ಒಂದ್ ನರಪಿಳ್ಳಿ ಬಂದು ಕೂಡ್ಲಿಲ್ಲ. ಅಕಿಗೆ ಹಂಗ ಆಗಬಾರ್ದಂತ…"

ಪಕ್ಕಕ್ಕೆ ಸರಿದು ಕೂತೆ. "ಹೆರಿಗಿ ಕೋಣಿಯೊಳಗ ಒಬ್ಬರು ಕೂಡಾಕ ಬಿಡ್ತಾರಂತ, ಇವತ್ತ ಸಿಸ್ಟರ್ ಹೇಳ್ಯಾರ. ಒಬ್ಬರನ್ನ" ಅಂದೆ.

"ಒಬ್ಬರನ್ನ? ಯಾರು?"

"ಪಾಳಿ ಮ್ಯಾಲ ಕೂಡೂಣು. ಮೊದಲ ನೀವ ಕೂಡ್ರಿ."

ಅವರು ನನ್ನನ್ನು ಅನುಮಾನದಿಂದ ನೋಡಿದರು. "ಹೊಡದಾಡ್ತೀವಿ ನಾವಿಬ್ಬರು ಬಾಗಲ್ದಾಗ" ಅಂದರು. ಮಗಳು ನಕ್ಕಳು, ಹೊಟ್ಟೆ ಹಿಡಿದುಕೊಂಡು. ಚೀಟಿ ಪರ್ಸಿಗೆ ವಾಪಸು ಹೋಯಿತು. ಹರಿದು ಹಾಕಲಿಲ್ಲ; ನಾನೂ ಹರಿಯಿರಿ ಅನ್ನಲಿಲ್ಲ.

ಊಟಕ್ಕೆ ಬಿಸಿ ರೊಟ್ಟಿ, ಮೆಂತ್ಯದ ಪಲ್ಯ, ಬೇಳೆಸಾರು, ಅನ್ನ. ಊಟ ಬೇಡ, ಎಂಟರ ಗಾಡಿಗೆ ಹೋಗಬೇಕು ಎಂದಿದ್ದ ಬೀಗತಿ ಮೂರು ರೊಟ್ಟಿ ಉಂಡು, ಮೆಟ್ಟಿಲು ಇಳಿಯಲು ಕಾಲು ಬರುವುದಿಲ್ಲ ಎಂದು ಇಲ್ಲೇ ಉಳಿದರು. ನಮ್ಮ ಮನೆಯವರು ಹೊರಗೆ ಕಟ್ಟೆಯ ಮೇಲೆ ಹಾಸಿಕೊಂಡರು. ಮಗಳು ಎಡಮಗ್ಗುಲಾಗಿ ಮಲಗಿ ಇನ್ನೂ ಫೋನ್ ನೋಡುತ್ತಿದ್ದಳು. ಮೊದಲು ನಿದ್ದೆ ಹೋದವರು ಬೀಗತಿ. ಒಂದು ಕೈ ಸೊಸೆಯ ಕಾಲ ಮೇಲೆ ಹಾಗೇ ಇತ್ತು.